ಕೋಲು ಕಡೆಯುವವರ ಕೂಟ

ನ್ಯಾಯಬೆಲೆ ಅಂಗಡಿಯ ಮುಂದೆಯೋ ರೈಲ್ವೆ ನಿಲ್ದಾಣದ ಟಿಕೆಟ್ ಕಿಂಡಿಯ ಮುಂದೆಯೋ ನಾವು ನಿಲ್ಲುವ ‘ಕ್ಯೂ’ ಒಂದು. ಬಿಲಿಯರ್ಡ್ಸ್ ಮೇಜಿನ ಬಳಿ ಆಟಗಾರ ಕೈಯಲ್ಲಿ ಹಿಡಿಯುವ ‘ಕ್ಯೂ’ ಇನ್ನೊಂದು. ಇಂಗ್ಲಿಷಿನಲ್ಲಿ ಈ ಎರಡು ಮಾತುಗಳ ಕಾಗುಣಿತ ಬೇರೆ ಬೇರೆ. ಕನ್ನಡದಲ್ಲಿ ಎರಡನ್ನೂ ಒಂದೇ ಅಕ್ಷರದಲ್ಲಿ ಬರೆಯುವ ನಾವು, ನಮಗೆ ತಿಳಿಯದಂತೆಯೇ ಅವುಗಳ ಮೂಲಕ್ಕೆ ಹೆಚ್ಚು ಹತ್ತಿರವಾಗಿದ್ದೇವೆ. ಎರಡೂ ಒಂದೇ ಫ್ರೆಂಚ್ ಪದದಿಂದ ಬಂದವು. ಆ ಪದದ ಅರ್ಥ ‘ಬಾಲ’. ಜನರ ಸಾಲು ಬಾಲದಂತೆ ಬೆಳೆಯುತ್ತದೆಂಬುದು ಸ್ಪಷ್ಟವೇ. ಆದರೆ ಆಟದ ಕೋಲು ಯಾವುದರ ಬಾಲ?

ಅದಕ್ಕೊಂದು ಚರಿತ್ರೆಯುಂಟು. ಬಿಲಿಯರ್ಡ್ಸ್ ಮೊದಲಿಗೆ ಹುಲ್ಲುಹಾಸಿನ ಮೇಲೆ ಆಡುತ್ತಿದ್ದ ಆಟ. ಹದಿನೈದನೆಯ ಶತಮಾನದಲ್ಲಿ ಅದು ಫ್ರಾನ್ಸಿನ ಅರಮನೆಗಳ ಒಳಗೆ ಬಂದು ಮೇಜಿನ ಮೇಲೇರಿತು. ಹಸಿರು ಹುಲ್ಲಿನ ನೆನಪಿಗೆಂಬಂತೆ ಮೇಜಿಗೆ ಹಸಿರು ಬಟ್ಟೆಯನ್ನು ಹೊದಿಸಿದರು. ಆಗ ಚೆಂಡನ್ನು ತಳ್ಳುತ್ತಿದ್ದುದು ತುದಿಯಲ್ಲಿ ದಪ್ಪ ತಲೆಯುಳ್ಳ, ಗದೆಯನ್ನು ಹೋಲುವ ಒಂದು ಸಾಧನದಿಂದ. ಚೆಂಡು ಮೇಜಿನ ಅಂಚಿಗೆ ಅಂಟಿಕೊಂಡು ನಿಂತಾಗ ಆ ದಪ್ಪ ತಲೆ ಅಡ್ಡಿಯಾಗುತ್ತಿತ್ತು. ಜಾಣ ಆಟಗಾರರು ಗದೆಯನ್ನು ತಿರುಗಿಸಿ, ಅದರ ಹಿಡಿಯ ತೆಳುವಾದ ತುದಿಯಿಂದ, ಎಂದರೆ ಬಾಲದಿಂದ, ಚೆಂಡನ್ನು ಹೊಡೆಯತೊಡಗಿದರು. ಕಾಲಕ್ರಮದಲ್ಲಿ ತಲೆ ಕಳಚಿಹೋಯಿತು, ಬಾಲವೇ ಉಳಿಯಿತು.

ಈ ಬಾಲದ ಕೋಲನ್ನು ಮಾಡುವ ಕುಶಲಿಗಳು ಇಪ್ಪತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ತಮ್ಮದೇ ಒಂದು ಆಯ್ದ ಕೂಟವನ್ನು ಕಟ್ಟಿಕೊಳ್ಳಲು ಹೊರಟರು. ಯೂರೋಪಿನವರು ಗಿಲ್ಡ್ ಎನ್ನುವ ಇಂಥ ಕೂಟಕ್ಕೆ ನಮ್ಮ ಶಾಸನಗಳಲ್ಲಿ ‘ಶ್ರೇಣಿ’ ಎಂಬ ಹಳೆಯ ಮಾತಿದೆ. ಕಾರ್ಖಾನೆಗಳ ಯುಗದಲ್ಲಿ, ಅದೂ ಅಮೆರಿಕದಂಥ ದೇಶದಲ್ಲಿ, ಕೋಲು ಕಡೆಯುವ ಕೆಲವು ಮಂದಿಗೆ ಮಧ್ಯಯುಗದ ಈ ಸಂಸ್ಥೆ ಏಕೆ ಬೇಕಾಯಿತು? ಅದು ಯಾವುದಕ್ಕೆ ಸಾಕ್ಷಿ ನುಡಿಯಬಲ್ಲದು, ಯಾವುದಕ್ಕೆ ನುಡಿಯಲಾರದು? ಈ ಕಾಲು ಗಂಟೆಯ ಮಾತಿನಲ್ಲಿ ಇಷ್ಟನ್ನು ವಿಚಾರಿಸಬೇಕೆಂದಿದ್ದೇನೆ.

ಬಿಲಿಯರ್ಡ್ಸ್ ಸಾಹಿತ್ಯಕ್ಕೆ ಅಪರಿಚಿತವೇನಲ್ಲ. ಷೇಕ್ಸ್‌ಪಿಯರನ ಕ್ಲಿಯೋಪಾತ್ರ ಬೇಸರ ಕಳೆಯಲು ತನ್ನ ಸಖಿಯನ್ನು ಬಿಲಿಯರ್ಡ್ಸ್ ಆಡೋಣ ಬಾ ಎಂದು ಕರೆಯುತ್ತಾಳೆ. ಆಕೆಯ ಕಾಲದ ಈಜಿಪ್ಟಿನಲ್ಲಿ ಆ ಆಟವಿರಲಿಲ್ಲವೆಂಬುದು ಬೇರೆ ಮಾತು. ಕವಿಯ ಕಾಲದ ಲಂಡನ್ನಿನಲ್ಲಂತೂ ಅದು ಪ್ರೇಕ್ಷಕರಿಗೆ ಪರಿಚಿತವಾಗಿತ್ತು. ಆದರೆ ಆ ದಿನಗಳ ಕೋಲಿಗೆ ಕುಶಲಿ ಬೇಕಿರಲಿಲ್ಲ. ಮರದ ಮೇಜು ಡೊಂಕಾಗುತ್ತಿತ್ತು, ಅಂಚಿನ ದಿಂಬುಗಳಲ್ಲಿ ಪುಟಿತವಿರಲಿಲ್ಲ, ಕೋಲಿನ ಬರಿಯ ಮರದ ತುದಿ ಚೆಂಡಿನ ಮೇಲೆ ಜಾರುತ್ತಿತ್ತು. ಎಲ್ಲವೂ ಒರಟಾಗಿದ್ದಾಗ ಕೋಲೊಂದೇ ನಯವಾಗಿದ್ದು ಪ್ರಯೋಜನವೇನು?

ಹತ್ತೊಂಬತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ಈ ಸ್ಥಿತಿ ಬದಲಾಯಿತು. ಫ್ರೆಂಚ್ ಸೈನ್ಯದ ಕ್ಯಾಪ್ಟನ್ ಮ್ಯಾಂಗೋ ಎಂಬಾತ ಸೆರೆಮನೆಯಲ್ಲಿದ್ದಾಗ ಕೋಲಿನ ತುದಿಗೆ ತೊಗಲಿನ ಬಿಲ್ಲೆಯನ್ನು ಅಂಟಿಸಿ ಆಡುವ ಬಗೆಯನ್ನು ಪಳಗಿಸಿಕೊಂಡು, 1807ರ ಸುಮಾರಿಗೆ ಹೊರಬಂದು ತನ್ನ ಚಮತ್ಕಾರದಿಂದ ಜನರನ್ನು ಬೆರಗುಗೊಳಿಸಿದ. 1820ರ ದಶಕದಲ್ಲಿ ಇಂಗ್ಲೆಂಡಿನ ಬಾತ್ ನಗರದ ಜ್ಯಾಕ್ ಕಾರ್ ಬಿಲ್ಲೆಗೆ ಸೀಮೆಸುಣ್ಣದ ಪುಡಿ ಹಚ್ಚಿ, ಚೆಂಡಿಗೆ ಬೇಕಾದ ಸುತ್ತು ಕೊಡುವುದನ್ನು ತೋರಿಸಿಕೊಟ್ಟ. 1826ರಲ್ಲಿ ಲಂಡನ್ನಿನ ಜಾನ್ ಥರ್ಸ್ಟನ್ ಮೇಜಿಗೆ ಸ್ಲೇಟುಕಲ್ಲಿನ ಹಾಸನ್ನು ಅಳವಡಿಸಿದ. 1840ರ ದಶಕದಲ್ಲಿ ಗಂಧಕ ಬೆರೆಸಿ ಕಾಯಿಸಿದ ರಬ್ಬರು ಅಂಚಿನ ದಿಂಬುಗಳಿಗೆ ಬಂತು. ಮೇಜು ಸಮತಲವಾಯಿತು, ಚೆಂಡಿನ ಓಟ ನಂಬಿಕೆಗೆ ಅರ್ಹವಾಯಿತು. ತಪ್ಪೆಂದರೆ ಇನ್ನು ಕೈಯದು, ಇಲ್ಲವೇ ಕೋಲಿನದು. ಕೋಲಿನ ಕುಶಲಿ ಹುಟ್ಟಿದ್ದು ಈ ಘಳಿಗೆಯಲ್ಲಿ.

ಅಮೆರಿಕದಲ್ಲಿ ಈ ಬೇಡಿಕೆಯನ್ನು ಮೊದಲು ಪೂರೈಸಿದ್ದು ಕಾರ್ಖಾನೆ. ಸ್ವಿಟ್ಜರ್ಲೆಂಡಿನಿಂದ ವಲಸೆ ಬಂದು ಸಿನ್ಸಿನಾಟಿಯಲ್ಲಿ ಕುದುರೆಗಾಡಿ ಕಟ್ಟುತ್ತಿದ್ದ ಜಾನ್ ಮೋಸೆಸ್ ಬ್ರನ್ಸ್‌ವಿಕ್ 1845ರಲ್ಲಿ ಬಿಲಿಯರ್ಡ್ಸ್ ಮೇಜು ಮಾಡಲಾರಂಭಿಸಿದ. ಅವನ ಹೆಸರಿನ ಸಂಸ್ಥೆ ಬೆಳೆದು, ದೇಶದ ಪೂಲ್ ಅಂಗಡಿಗಳ ಗೋಡೆಗಳಿಗೆ ಸಾಲುಸಾಲಾಗಿ ಕೋಲುಗಳನ್ನು ಒದಗಿಸಿತು. ಪೂಲ್ ಎಂದರೆ ಜೇಬುಗಳುಳ್ಳ ಮೇಜಿನ ಮೇಲೆ ಅಮೆರಿಕದವರು ಆಡುವ ಬಿಲಿಯರ್ಡ್ಸಿನ ಬಗೆ. ಗೋಡೆಯ ಕೋಲು ಎಲ್ಲರದು. ಯಾರೂ ಅದನ್ನು ತನ್ನದೆನ್ನುವಂತಿಲ್ಲ. ಅದನ್ನು ಮಾಡಿದವನ ಹೆಸರನ್ನು ಕೇಳುವವರೂ ಇರಲಿಲ್ಲ. ಕಾರ್ಖಾನೆಯ ಮುದ್ರೆಯೇ ಹೆಸರು.

ಈ ಅನಾಮಿಕತೆಯಿಂದ ಮೇಲೆದ್ದವರಲ್ಲಿ ಹರ್ಮನ್ ರ್ಯಾಂಬೋ ಒಬ್ಬ. 1881ರಲ್ಲಿ ಹುಟ್ಟಿ 1967ರಲ್ಲಿ ತೀರಿಕೊಂಡ ಈತ ಬ್ರನ್ಸ್‌ವಿಕ್ ಸಂಸ್ಥೆಯಲ್ಲಿ ಕೆಲಸ ಕಲಿತು, ಷಿಕಾಗೋದಲ್ಲಿ ಮುಪ್ಪಿನವರೆಗೂ ಕೋಲು ಕಡೆಯುತ್ತಲೇ ಇದ್ದ. ವಿಲ್ಲಿ ಹಾಪಿ, ವಿಲ್ಲಿ ಮಾಸ್ಕೋನಿಯಂಥ ಹೆಸರಾಂತ ಆಟಗಾರರು ಅವನ ಕೋಲುಗಳನ್ನು ಹಿಡಿದರು. ಆಟಗಾರನ ತೋಳಿನ ಅಳತೆ, ಹಿಡಿತದ ರೀತಿ, ಅವನಿಗೆ ಒಗ್ಗುವ ತೂಕ ಇವನ್ನೆಲ್ಲ ವಿಚಾರಿಸಿ, ಒಬ್ಬನಿಗಾಗಿ ಒಂದು ಕೋಲು ಮಾಡಿಕೊಡುವ ಪದ್ಧತಿಗೆ ಗೌರವ ತಂದವರಲ್ಲಿ ಆತ ಮುಖ್ಯನು.

ಒಂದು ಕೋಲಿನಲ್ಲಿ ಅಂಥ ಕುಶಲತೆಯೇನಿದೆ ಎಂದು ಕೇಳುಗರಲ್ಲಿ ಕೆಲವರಿಗಾದರೂ ಅನ್ನಿಸಿರಬಹುದು. ಪೂಲ್ ಆಟದ ಕೋಲು ಸಾಮಾನ್ಯವಾಗಿ 58 ಅಂಗುಲ ಉದ್ದ, ಹತ್ತೊಂಬತ್ತು ಇಪ್ಪತ್ತು ಔನ್ಸು ತೂಕ. ತುದಿಯ ಅಡ್ಡಳತೆ ಸುಮಾರು 13 ಮಿಲಿಮೀಟರು. ಮುಂಭಾಗಕ್ಕೆ ಗಟ್ಟಿ ಮೇಪಲ್ ಮರ ಬೇಕು. ಅದರ ಎಳೆಗಳು ತುದಿಯಿಂದ ಬುಡದವರೆಗೆ ನೇರವಾಗಿ ಓಡಬೇಕು. ಮರವೆಂಬುದು ಕಡಿದ ಮೇಲೂ ಸತ್ತಿರುವುದಿಲ್ಲ. ಗಾಳಿಯ ತೇವವನ್ನು ಹೀರುತ್ತದೆ, ಬಿಡುತ್ತದೆ, ಸೊಟ್ಟಗಾಗುತ್ತದೆ. ಆದ್ದರಿಂದ ಒಳ್ಳೆಯ ಕುಶಲಿ ಕೋಲನ್ನು ಒಂದೇ ಸಲಕ್ಕೆ ಕಡೆಯುವುದಿಲ್ಲ. ಕಡಸಲಿಗೆ, ಅಂದರೆ ಲೇತಿಗೆ, ಏರಿಸಿ ಕೂದಲೆಳೆಯಷ್ಟು ತೆಗೆಯುತ್ತಾನೆ; ವಾರಗಟ್ಟಲೆ, ತಿಂಗಳುಗಟ್ಟಲೆ ತೂಗುಹಾಕಿ ಬಿಡುತ್ತಾನೆ; ಮತ್ತೆ ಏರಿಸುತ್ತಾನೆ. ಈ ನಡುವೆ ಬಾಗಿದ ಕೋಲನ್ನು ಸೌದೆಗೆ ಹಾಕುವ ಮನೋದಾರ್ಢ್ಯ ಅವನಿಗಿರಬೇಕು. ಮಾರಾಟಕ್ಕೆ ಬರುವ ಪ್ರತಿಯೊಂದು ಕೋಲಿನ ಹಿಂದೆ ಹೀಗೆ ತಿರಸ್ಕೃತವಾದ ಕೋಲುಗಳಿರುತ್ತವೆ.

ಹಿಂಭಾಗದ ಕೆಲಸ ಇನ್ನೂ ಸೂಕ್ಷ್ಮ. ಮೇಪಲ್ ಹಗುರ, ಕೈಗೆ ಭಾರ ಬೇಕು. ಆದಕಾರಣ ಕರಿಮರ, ಬೀಟೆಯಂಥ ತೂಕದ ಮರಗಳನ್ನು ಅದಕ್ಕೆ ಬೆಸೆಯುತ್ತಾರೆ. ಬರಿಯ ಅಂಟಿನಿಂದ ತುದಿಗೆ ತುದಿ ಕೂಡಿಸಿದರೆ ಹೊಡೆತದ ಪೆಟ್ಟಿಗೆ ಆ ಸಂದು ಬಿಟ್ಟೀತು. ಅದಕ್ಕಾಗಿ ಒಂದು ಮರವನ್ನು ಈಟಿಯ ಮೊನೆಗಳಂತೆ ಸೀಳಿ, ಮತ್ತೊಂದರ ಗಾಡಿಗಳೊಳಗೆ ಕೂರಿಸುತ್ತಾರೆ. ದುಂಡಗೆ ಕಡೆದ ಮೇಲೆ ನಾಲ್ಕು ಚೂಪಾದ ಮೊನೆಗಳು ಸಮನಾದ ಎತ್ತರದಲ್ಲಿ ಎದ್ದು ಕಾಣುತ್ತವೆ. ನೋಡುವವನಿಗೆ ಅದು ಅಲಂಕಾರ. ಬಲ್ಲವನಿಗೆ ಅದು ಮರವನ್ನು ಹಿಡಿದಿರುವ ಕೀಲು. ನಾಲ್ಕರಲ್ಲಿ ಒಂದು ಮೊನೆ ಗಿಡ್ಡವಾಗಿದ್ದರೆ ಕಡೆದವನ ಕೈ ಎಲ್ಲಿ ತಪ್ಪಿತೆಂಬುದನ್ನು ಕೋಲೇ ಹೇಳಿಬಿಡುತ್ತದೆ.

ಕೋಲಿನ ಚರಿತ್ರೆಯಲ್ಲಿ ಎಲ್ಲರೂ ಗೌರವದಿಂದ ಹೇಳುವ ಹೆಸರು ಜಾರ್ಜ್ ಬಲಬುಷ್ಕನದು. 1912ರಲ್ಲಿ ರಷ್ಯಾದಲ್ಲಿ ಹುಟ್ಟಿ, 1924ರಲ್ಲಿ ತಂದೆತಾಯಿಯರೊಡನೆ ಅಮೆರಿಕಕ್ಕೆ ಬಂದವನು. ವೃತ್ತಿಯಿಂದ ಮರಗೆಲಸದವನು. ಯಂತ್ರದ ಗರಗಸಕ್ಕೆ ಒಂದು ಬೆರಳನ್ನು ಕಳೆದುಕೊಂಡು, ಅದರ ಬದಲಿಗೆ ತಾನೇ ಒಂದು ಕೃತಕ ಬೆರಳನ್ನು ಮಾಡಿಕೊಂಡ ಛಲವಂತ. 1959ರಲ್ಲಿ ಗೆಳೆಯನೊಬ್ಬನೊಡನೆ ಪೂಲ್ ಅಂಗಡಿಯೊಂದನ್ನು ಕೊಂಡು, ಅಲ್ಲಿ ಮುರಿದ ಕೋಲುಗಳನ್ನು ರಿಪೇರಿ ಮಾಡುತ್ತ ಈ ಕಸುಬಿಗಿಳಿದ. ಮೊದಲು ಮಾಡಿದ ಕೋಲುಗಳು ಗೆಳೆಯರಿಗೆ ಕ್ರಿಸ್ಮಸ್ ಉಡುಗೊರೆಯಾಗಿ ಹೋದವು. 1975ರಲ್ಲಿ ಸಾಯುವವರೆಗೆ, ಬ್ರೂಕ್ಲಿನ್ನಿನ ಮನೆಯ ಪಕ್ಕದ ಸಣ್ಣ ಕಾರ್ಯಾಗಾರದಲ್ಲಿ ಆತ ಮಾಡಿದ ಕೋಲುಗಳು ಸಾವಿರ ಸಾವಿರದಿನ್ನೂರರಷ್ಟಿರಬಹುದೆಂದು ಬಲ್ಲವರ ಅಂದಾಜು. ಪಿಟೀಲಿಗೆ ಸ್ಟ್ರಾಡಿವೇರಿ ಹೇಗೋ ಕೋಲಿಗೆ ಬಲಬುಷ್ಕ ಹಾಗೆ ಎಂಬುದು ಆ ಆಟದ ಲೋಕದಲ್ಲಿ ರೂಢಿಯ ಮಾತಾಯಿತು. 2004ರಲ್ಲಿ ಅಮೆರಿಕದ ಬಿಲಿಯರ್ಡ್ಸ್ ಮಂಡಳಿ ತನ್ನ ಕೀರ್ತಿಶಾಲಿಗಳ ಪಟ್ಟಿಗೆ ಅವನನ್ನು ಸೇರಿಸಿ ಗೌರವಿಸಿತು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಬಲಬುಷ್ಕ ಬಳಸುತ್ತಿದ್ದ ಮೊನೆಗೂಡಿದ ಮೂಲದಿಮ್ಮಿಗಳಲ್ಲಿ ಹಲವು ಅವನು ಮಾಡಿದವಲ್ಲ. ಮೊದಮೊದಲು ಬ್ರನ್ಸ್‌ವಿಕ್ ಕಾರ್ಖಾನೆಯ ‘ಟೈಟ್ಲಿಸ್ಟ್’ ಕೋಲುಗಳನ್ನೇ ಕೊಯ್ದು ಮರಳಿ ಕಡೆಯುತ್ತಿದ್ದ. ಆಮೇಲೆ ಷಿಕಾಗೋದ ಬರ್ಟನ್ ಸ್ಪೇನ್, ಪೆನ್ಸಿಲ್ವೇನಿಯದ ಗಸ್ ಜಾಂಬೋಟಿ ಎಂಬ ಕುಶಲಿಗಳಿಂದ ತರಿಸಿಕೊಳ್ಳುತ್ತಿದ್ದ. ಇದರಲ್ಲಿ ಮುಚ್ಚುಮರೆಯೇನೂ ಇರಲಿಲ್ಲ. ರ್ಯಾಂಬೋನ ಕಾಲದಿಂದಲೂ ಅದು ಕಸುಬಿನ ವಾಡಿಕೆಯೇ. ಹಾಗಾದರೆ ಆ ಕೋಲು ಯಾರದು? ಮರ ಬೆಸೆದವನದೋ, ಅದನ್ನು ಹದವರಿತು ಕಡೆದು, ತೂಗಿ, ಜೀವ ತುಂಬಿದವನದೋ? ಮಾಡಿದವನು ಬದುಕಿರುವಾಗ ಈ ಪ್ರಶ್ನೆ ಏಳುವುದಿಲ್ಲ. ಹೋಗಿ ಅವನನ್ನೇ ಕೇಳಬಹುದು. ಅವನು ಸತ್ತ ಮೇಲೆ, ಕೋಲಿನ ಬೆಲೆ ಏರಿದ ಮೇಲೆ, ಅದು ದೊಡ್ಡ ಪ್ರಶ್ನೆಯಾಗುತ್ತದೆ.

ಹಾಗೆಯೇ ಆಯಿತು. 1986ರಲ್ಲಿ ಮಾರ್ಟಿನ್ ಸ್ಕೋರ್ಸೆಸಿಯ ‘ದಿ ಕಲರ್ ಆಫ್ ಮನಿ’ ಚಲನಚಿತ್ರ ಬಂತು. ಅದರಲ್ಲಿ ಹಳೆಯ ಪಂಟನೊಬ್ಬ ಹೊಸ ಹುಡುಗನಿಗೆ ಬಲಬುಷ್ಕನ ಕೋಲನ್ನು ಕೊಡುವ ಪ್ರಸಂಗವಿದೆ. ಆಟದ ಗಂಧವಿಲ್ಲದ ಜನಕ್ಕೂ ಆ ಹೆಸರು ತಿಳಿಯಿತು. ಆದರೆ ತೆರೆಯ ಮೇಲೆ ಕಂಡ ಆ ಕೋಲು ಬಲಬುಷ್ಕನದಾಗಿರಲಿಲ್ಲ. ಅವನ ಕೋಲಿನಂತೆ ಕಾಣುವ, ಜಾಸ್ ಎಂಬ ಸಂಸ್ಥೆಯ ಕೋಲು ಅದು. ನಿಜವಾದದ್ದು ಚಿತ್ರೀಕರಣದ ಪೆಟ್ಟುಗಳಿಗೆ ಒಡ್ಡಲಾರದಷ್ಟು ಬೆಲೆಬಾಳುವ ವಸ್ತುವಾಗಿಬಿಟ್ಟಿತ್ತು. ನಾಟಕದಲ್ಲಿ ಗಿಲೀಟಿನ ಕಿರೀಟವಿದ್ದರೆ ದೋಷವಿಲ್ಲ. ಆದರೆ ಸಂತೆಯಲ್ಲಿ? ಚಿತ್ರದ ಬಳಿಕ ಕೈಕೆಲಸದ ಕೋಲುಗಳಿಗೆ ಬೇಡಿಕೆ ಹೆಚ್ಚಿತು, ಸಂಗ್ರಾಹಕರು ಹುಟ್ಟಿಕೊಂಡರು, ಬಲಬುಷ್ಕನ ಹೆಸರನ್ನು ಒಪ್ಪಂದದ ಮೇಲೆ ಪಡೆದ ಕಾರ್ಖಾನೆಯ ಕೋಲುಗಳೂ ಬಂದವು. ಇವುಗಳ ಜೊತೆಗೆ ಅಪ್ಪಟ ನಕಲಿಗಳೂ ಬಂದವು. ಸಾಲದುದಕ್ಕೆ, ಕಂಪ್ಯೂಟರಿನ ಆಣತಿಯಂತೆ ಚಲಿಸುವ ಉಳಿ ಕಾರ್ಯಾಗಾರಗಳಿಗೆ ಪ್ರವೇಶಿಸಿ, ಕೈಯಿಂದ ತಿಂಗಳುಗಟ್ಟಲೆ ಮಾಡಬೇಕಾದ ಕೆತ್ತನೆಯನ್ನು ಬಹು ಬೇಗ ಮುಗಿಸಿಕೊಡತೊಡಗಿತು. ‘ಕೈಕೆಲಸ’ ಎಂಬ ಮಾತಿನ ಅರ್ಥವೇ ಸಂದೇಹಕ್ಕೆ ಒಳಗಾಯಿತು.

ಒಬ್ಬೊಬ್ಬರೇ ತಮ್ಮ ತಮ್ಮ ಕಾರ್ಯಾಗಾರಗಳಲ್ಲಿ ಕೂತು ದುಡಿಯುತ್ತಿದ್ದ, ಗುಟ್ಟುಗಳನ್ನು ಬಿಟ್ಟುಕೊಡದ ಈ ಕುಶಲಿಗಳನ್ನು ಒಂದೆಡೆ ಸೇರಿಸಿದ್ದು ಈ ಸಂದರ್ಭ. 1990ರ ದಶಕದಲ್ಲಿ ‘ಅಮೆರಿಕನ್ ಕ್ಯೂಮೇಕರ್ಸ್ ಅಸೋಸಿಯೇಷನ್’ ಎಂಬ ಸಂಘ ರೂಪುಗೊಂಡಿತು. ಕೋಲು ಆಟದ ಸಾಮಾನು ಮಾತ್ರವಲ್ಲ, ಕಲಾವಸ್ತುವೂ ಹೌದೆಂಬ ತಿಳಿವಳಿಕೆಯನ್ನು ಜನರಲ್ಲಿ ಬೆಳೆಸುವ ಹಂಬಲ ಅದರ ಬೆನ್ನಿಗಿತ್ತು. ಅಂಥ ಸಂಘ ಕಟ್ಟಿದೊಡನೆ ಏಳುವ ಮೊದಲ ಪ್ರಶ್ನೆ ಎಲ್ಲ ಕಾಲದ ಶ್ರೇಣಿಗಳೂ ಎದುರಿಸಿದ ಪ್ರಶ್ನೆಯೇ: ಒಳಗೆ ಯಾರು, ಹೊರಗೆ ಯಾರು?

ಈ ಪ್ರಶ್ನೆಗೆ ಹಿಂದಿನವರು ಕೊಟ್ಟ ಉತ್ತರಗಳನ್ನು ಸ್ವಲ್ಪ ನೋಡೋಣ. 1268ರ ಸುಮಾರಿಗೆ ಪ್ಯಾರಿಸ್ ನಗರದ ಅಧಿಕಾರಿ ಎಟಿಯೆನ್ ಬ್ವಾಲೋ ತನ್ನ ಊರಿನ ನೂರರಷ್ಟು ಕಸುಬುಗಳ ಕಟ್ಟಳೆಗಳನ್ನು ಬರೆಸಿಟ್ಟ. ಅವುಗಳಲ್ಲಿ ಪಗಡೆಯ ದಾಳ ಮಾಡುವವರದೂ ಒಂದು ಶ್ರೇಣಿ. ಮೂಳೆಯಿಂದಲೂ ದಂತದಿಂದಲೂ ದಾಳ ಮಾಡುತ್ತಿದ್ದ ಅವರಿಗೆ, ಒಳಗೆ ಸೀಸ ತುಂಬಿದ ಕಪಟದ ದಾಳವನ್ನು ಮಾಡಕೂಡದೆಂಬ ನಿಷೇಧವಿತ್ತು. ದಾಳ ಚೆಲುವಾಗಿರಬೇಕೆಂಬುದಕ್ಕಿಂತ ಅದು ಸಾಚಾ ಆಗಿರಬೇಕೆಂಬುದು ಮುಖ್ಯವಾಗಿತ್ತು. ಶಕುನಿಯ ಕಥೆಯನ್ನು ಕೇಳಿ ಬೆಳೆದ ನಮಗೆ ಈ ಕಟ್ಟಳೆಯ ಬೆಲೆಯನ್ನು ವಿವರಿಸಿ ಹೇಳಬೇಕಾಗಿಲ್ಲ. ಲಂಡನ್ನಿನ ಅಕ್ಕಸಾಲಿಗರ ಚರಿತ್ರೆಯೂ ಇದೇ ಬಗೆಯದು. 1300ರ ಶಾಸನ ಬೆಳ್ಳಿಯ ಶುದ್ಧತೆಗೆ ಚಿರತೆಯ ತಲೆಯ ಮುದ್ರೆಯನ್ನು ವಿಧಿಸಿತು; 1478ರಿಂದ ಆ ಮುದ್ರೆಯನ್ನು ಅಕ್ಕಸಾಲಿಗರ ಸಭಾಭವನದಲ್ಲಿಯೇ ಒತ್ತತೊಡಗಿದರು. ನಮ್ಮ ಒಡವೆ ಅಂಗಡಿಗಳಲ್ಲಿಯೂ ಕೇಳಿಬರುವ ‘ಹಾಲ್‌ಮಾರ್ಕ್’ ಎಂಬ ಮಾತು ಹುಟ್ಟಿದ್ದು ಆ ಹಾಲಿನಿಂದ. ಆ ಮುದ್ರೆ ಒಡವೆ ಸುಂದರವಾಗಿದೆಯೆಂದು ಹೇಳುವುದಿಲ್ಲ. ಲೋಹ ಇಷ್ಟು ಶುದ್ಧವೆಂದು ಮಾತ್ರ ಹೇಳುತ್ತದೆ.

ಆದರೆ ಶ್ರೇಣಿಗಳ ಇನ್ನೊಂದು ಮುಖವನ್ನು ಮರೆಯುವಂತಿಲ್ಲ. ಕಾಲ ಕಳೆದಂತೆ ಹಲವು ಶ್ರೇಣಿಗಳಲ್ಲಿ ಪ್ರವೇಶದ ಶುಲ್ಕ ಏರಿತು. ಯಜಮಾನರ ಮಕ್ಕಳಿಗೆ ಸುಲಭವಾದ ಬಾಗಿಲು ಬಡವನ ಮಗನಿಗೆ ಮುಚ್ಚಿಕೊಂಡಿತು. ಪರೀಕ್ಷೆಗೆಂದು ಒಪ್ಪಿಸಬೇಕಾದ ಕೃತಿ ಅರ್ಹತೆಯನ್ನು ಅಳೆಯುವುದಕ್ಕಿಂತ ಹೊಸಬರನ್ನು ತಡೆಯಲು ಬಳಕೆಯಾಯಿತು. 1776ರಲ್ಲಿ ಆ್ಯಡಮ್ ಸ್ಮಿತ್ ಇಂಥ ಕೂಟಗಳನ್ನು ಕಟುವಾಗಿ ಟೀಕಿಸಿದ್ದು ಕಾರಣವಿಲ್ಲದೆ ಅಲ್ಲ. ಫ್ರಾನ್ಸಿನ ಮಹಾಕ್ರಾಂತಿ 1791ರಲ್ಲಿ ಅವನ್ನು ಕಾನೂನಿನಿಂದಲೇ ಅಳಿಸಿಹಾಕಿತು. ಹೀಗೆ ಒಂದೇ ಸಂಸ್ಥೆ ಗಿರಾಕಿಯ ಕಾವಲೂ ಆಗಿತ್ತು, ಒಳಗಿದ್ದವರ ಕೋಟೆಯೂ ಆಗಿತ್ತು.

ಹೊಸ ಕಾಲದ ಶ್ರೇಣಿಗೂ ಹಳೆಯದಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಪ್ಯಾರಿಸ್ಸಿನ ದಾಳಗಾರರ ಕೂಟ ತನ್ನವನಲ್ಲದವನನ್ನು ಕಸುಬಿನಿಂದಲೇ ದೂರವಿಡಬಹುದಿತ್ತು. ಕೋಲು ಕಡೆಯುವವರ ಕೂಟಕ್ಕೆ ಆ ಅಧಿಕಾರವಿಲ್ಲ. ಒಂದು ಲೇತು ಕೊಳ್ಳುವಷ್ಟು ಹಣವಿರುವ ಯಾರೇ ಆಗಲಿ ಕೋಲು ಮಾಡಿ ಮಾರಬಹುದು. ಕೂಟದ ಕೈಯಲ್ಲಿರುವುದು ಒಂದೇ: ತನ್ನ ಮಾತು. ಆ ಮಾತನ್ನು ಜನ ನಂಬಿದರೆ ಕೂಟ ಉಂಟು, ನಂಬದಿದ್ದರೆ ಇಲ್ಲ.

ನಂಬಿಕೆಗೆ ಪರೀಕ್ಷೆ ಬೇಕು. ಅಮೆರಿಕದಲ್ಲಿಯೇ ಚೂರಿ ಮಾಡುವ ಕುಶಲಿಗಳು 1970ರಲ್ಲಿ ಒಂದು ಗಿಲ್ಡನ್ನು, 1976ರಲ್ಲಿ ಅಲಗು ಬಡಿಯುವ ಕಮ್ಮಾರರ ಇನ್ನೊಂದು ಸಂಘವನ್ನು ಸ್ಥಾಪಿಸಿದರು. ಈ ಎರಡನೆಯ ಸಂಘದ ಪರೀಕ್ಷೆ ಪ್ರಸಿದ್ಧವಾದದ್ದು. ಅಭ್ಯರ್ಥಿ ತಾನೇ ಬಡಿದ ಅಲಗಿನಿಂದ, ತೂಗುಬಿಟ್ಟ ಒಂದಂಗುಲ ದಪ್ಪದ ಹಗ್ಗವನ್ನು ಒಂದೇ ಏಟಿಗೆ ಕತ್ತರಿಸಬೇಕು. ಅದೇ ಅಲಗಿನಿಂದ ಮರದ ತೊಲೆಯನ್ನು ಎರಡು ಸಲ ಕಡಿದು ತುಂಡರಿಸಬೇಕು. ಆ ಮೇಲೂ ಅದು ತೋಳಿನ ಕೂದಲನ್ನು ಬೋಳಿಸುವಷ್ಟು ಹರಿತವಾಗಿರಬೇಕು. ಕೊನೆಗೆ ಇಕ್ಕಳದಲ್ಲಿ ಸಿಕ್ಕಿಸಿ ತೊಂಬತ್ತು ಡಿಗ್ರಿ ಬಾಗಿಸಿದರೂ ಮುರಿಯಬಾರದು. ಯಾರ ಮಗನೆಂದು ಹಗ್ಗ ಕೇಳುವುದಿಲ್ಲ. ನೋಡಿದವರೆಲ್ಲರೂ ತೀರ್ಪುಗಾರರೇ.

ಕೋಲಿಗೆ ಅಂಥ ಪರೀಕ್ಷೆ ಯಾವುದು? ನೆಟ್ಟಗಿದೆಯೇ ಎಂಬುದನ್ನು ಮೇಜಿನ ಮೇಲೆ ಉರುಳಿಸಿ ನೋಡಬಹುದು. ತೂಕವನ್ನು ತೂಗಬಹುದು, ಸಂದುಗಳನ್ನು ಭೂತಗನ್ನಡಿಯಲ್ಲಿ ಪರಿಶೀಲಿಸಬಹುದು. ಆದರೆ ಆಟಗಾರರು ಕೊನೆಗೆ ಹೊಗಳುವುದು ಇವು ಯಾವುದನ್ನೂ ಅಲ್ಲ. ಚೆಂಡಿಗೆ ತಾಗಿದಾಗ ಅಂಗೈಗೆ ಬರುವ ಸ್ಪಂದನವನ್ನು. ಒಬ್ಬನಿಗೆ ಬಿಗಿಯಾದ ಕೋಲು ಬೇಕು, ಇನ್ನೊಬ್ಬನಿಗೆ ತುಸು ಮೆದುವಾದದ್ದು. ವೀಣೆಯ ನಾದದಂತೆ ಇದು ಅನುಭವಕ್ಕೆ ನಿಲುಕುವಂಥದು, ಅಳತೆಗೆ ಪೂರ್ತಿ ಸಿಗುವಂಥದಲ್ಲ. ಹೀಗಿರುವಾಗ ಆಯ್ದ ಕೆಲವರು ಕುಳಿತು, ಇವನ ಕೋಲು ಉತ್ತಮ, ಅವನದು ಅಧಮ ಎಂದು ತೀರ್ಪು ಕೊಟ್ಟರೆ ಅದು ರುಚಿಯ ತೀರ್ಪಾದೀತೇ ಹೊರತು ಸಾಕ್ಷ್ಯವಾಗದು. ರುಚಿಯ ತೀರ್ಪಿನ ಹಿಂದೆ ಸ್ನೇಹವೂ ಮತ್ಸರವೂ ಅಡಗಿ ಕೂರುವುದನ್ನು ಸಾಹಿತ್ಯಲೋಕದ ನಾವು ಬಲ್ಲೆವು.

ಆದ್ದರಿಂದ ಇಂಥ ಕೂಟದ ನಿಜವಾದ ಕೆಲಸ ಪ್ಯಾರಿಸ್ಸಿನ ದಾಳಗಾರರದೇ ಎಂದು ನನ್ನ ಎಣಿಕೆ. ಅದು ಪ್ರಮಾಣಿಸಬೇಕಾದದ್ದು ಚೆಲುವನ್ನಲ್ಲ, ಸತ್ಯವನ್ನು. ಈ ಕೋಲನ್ನು ಕಡೆದವನು ಇಂಥವನು, ಈ ವರ್ಷ ಕಡೆದ, ಮೊನೆಗಳನ್ನು ಬೆಸೆದವನು ಇಂಥವನು, ಕೆತ್ತನೆ ಕೈಯದು ಅಥವಾ ಯಂತ್ರದ್ದು, ಮರ ಇಂಥದು, ಮುಂದೆಂದೋ ರಿಪೇರಿಯಾಗಿದ್ದರೆ ಮಾಡಿದವನು ಇಂಥವನು. ಇಷ್ಟನ್ನು ಮುಚ್ಚುಮರೆಯಿಲ್ಲದೆ ದಾಖಲಿಸಿಡುವ ಒಂದು ಕಡತವಿದ್ದಿದ್ದರೆ ಬಲಬುಷ್ಕನ ಹೆಸರಿನ ಸುತ್ತ ಎದ್ದ ಗೊಂದಲದಲ್ಲಿ ಬಹುಭಾಗ ಏಳುತ್ತಲೇ ಇರಲಿಲ್ಲ. ಯಂತ್ರ ಬಳಸುವುದು ತಪ್ಪಲ್ಲ. ಯಂತ್ರದ ಕೆಲಸವನ್ನು ಕೈಯದೆಂದು ಮಾರುವುದು ತಪ್ಪು.

‘ಮರ ಇಂಥದು’ ಎಂದೆನಲ್ಲ, ಆ ಮಾತು ನಮ್ಮ ನಾಡಿಗೂ ಸಂಬಂಧಿಸಿದ್ದು. ಕೋಲಿನ ಬುಡಕ್ಕೆ ಬೇಕಾದ ಬೀಟೆಯ ಒಂದು ತವರು ನಮ್ಮ ಪಶ್ಚಿಮ ಘಟ್ಟ. ಈ ಆಟದ ಒಂದು ಕವಲಾದ ಸ್ನೂಕರಂತೂ ಭಾರತದಲ್ಲಿಯೇ ಹುಟ್ಟಿದ್ದು: 1875ರಲ್ಲಿ ಜಬ್ಬಲ್ಪುರದ ಸೈನಿಕ ಮೆಸ್ಸಿನಲ್ಲಿ ನೆವಿಲ್ ಚೇಂಬರ್ಲಿನ್ ಎಂಬ ಯುವ ಅಧಿಕಾರಿ ಅದನ್ನು ರೂಪಿಸಿದ, 1882ರಲ್ಲಿ ಉದಕಮಂಡಲದ ಕ್ಲಬ್ಬಿನಲ್ಲಿ ಅದರ ನಿಯಮಗಳನ್ನು ಬರೆದು ತೂಗುಹಾಕಿದರು. ಆಟ ನಮ್ಮಲ್ಲಿ ಬೆಳೆದಂತೆ ಅದರ ಸಾಮಗ್ರಿಗಾಗಿ ನಮ್ಮ ಕಾಡೂ ತೆತ್ತಿತು. ಆನೆಯ ದಂತದ ಕಥೆ ಗೊತ್ತೇ ಇದೆ. ಚೆಂಡಿಗೂ ಕೋಲಿನ ತುದಿಯ ಬಳೆಗೂ ದಂತವೇ ಬೇಕಾಗಿತ್ತು. ಅದಕ್ಕೆ ಬದಲಿ ವಸ್ತುವನ್ನು ಕಂಡುಹಿಡಿದವರಿಗೆ 1860ರ ದಶಕದಲ್ಲಿ ನ್ಯೂಯಾರ್ಕಿನ ಮೇಜು ತಯಾರಕರೊಬ್ಬರು 10,000 ಡಾಲರ್ ಬಹುಮಾನ ಸಾರಿದರು. ಸೆಲ್ಯುಲಾಯಿಡ್ ಹುಟ್ಟಿದ್ದು ಆ ಹುಡುಕಾಟದಿಂದ. ಆದರೂ ಕುಶಲಿಗಳು ಕೋಲಿನ ಅಲಂಕಾರಕ್ಕೆ ದಂತವನ್ನು ಬಿಡಲಿಲ್ಲ. 1990ರಿಂದ ಆಫ್ರಿಕದ ಆನೆಯ ದಂತದ ಅಂತಾರಾಷ್ಟ್ರೀಯ ವ್ಯಾಪಾರ ನಿಂತಿತು. 2016ರಲ್ಲಿ ಅಮೆರಿಕ ತನ್ನೊಳಗಿನ ದಂತವ್ಯಾಪಾರವನ್ನೂ ಬಹುಮಟ್ಟಿಗೆ ನಿಷೇಧಿಸಿತು. 2017ರ ಜನವರಿಯಿಂದ ಬೀಟೆಯ ಕುಲದ ಮರಗಳೆಲ್ಲವೂ ಅಂತಾರಾಷ್ಟ್ರೀಯ ವ್ಯಾಪಾರದ ನಿಯಂತ್ರಣಕ್ಕೆ ಒಳಪಟ್ಟವು. ಇನ್ನು ಮೇಲೆ ಕೋಲು ನೆಟ್ಟಗಿದ್ದರೆ ಸಾಲದು, ಅದರ ಮರ ಬಂದ ದಾರಿಯೂ ನೆಟ್ಟಗಿರಬೇಕು. ಒಬ್ಬಂಟಿ ಕುಶಲಿಗೆ ಇದನ್ನು ಲೋಕಕ್ಕೆ ಸಿದ್ಧಪಡಿಸಿ ತೋರಿಸುವುದು ಕಷ್ಟ, ಕೂಟಕ್ಕೆ ಸಾಧ್ಯ.

ಇನ್ನೊಂದು ಹೊಣೆಯೂ ಉಂಟು. ರ್ಯಾಂಬೋ, ಬಲಬುಷ್ಕರಂಥವರು ಶಾಲೆ ತೆರೆಯಲಿಲ್ಲ. 1988ರಲ್ಲಿ ತೀರಿಕೊಂಡ ಗಸ್ ಜಾಂಬೋಟಿಯ ಕಸುಬನ್ನು ಅವನ ಮಗ ಮುಂದುವರಿಸಿದ. ಎಲ್ಲರಿಗೂ ಅಂಥ ಮಗನಿರುವುದಿಲ್ಲ. ಕಸುಬುದಾರನೊಡನೆ ಅವನ ಬೆರಳುಗಳ ತಿಳಿವಳಿಕೆಯೂ ಮಣ್ಣಾಗುತ್ತದೆ. ಶ್ರೇಣಿಯೊಂದು ತನ್ನನ್ನು ‘ಆಯ್ದವರ ಕೂಟ’ವೆಂದು ಕರೆದುಕೊಳ್ಳುವುದಾದರೆ, ಆಯ್ದವರು ಹೊರಗಿನವರಿಗೆ ಏನನ್ನು ಕಲಿಸಿದರು ಎಂಬುದೂ ಅದರ ಲೆಕ್ಕಕ್ಕೆ ಬರಬೇಕು. ಬಾಗಿಲು ಕಿರಿದಾಗಿದ್ದರೆ ತಪ್ಪಲ್ಲ. ಆದರೆ ಒಳಗೆ ಬರಲು ಏನು ಮಾಡಬೇಕೆಂಬುದನ್ನು ಬಾಗಿಲ ಮೇಲೆ ಎಲ್ಲರಿಗೂ ಕಾಣುವಂತೆ ಬರೆದಿಡಬೇಕು, ಅದನ್ನು ಓದಿ ಬಂದವನಿಗೆ ಕಲಿಯುವ ಅವಕಾಶವೂ ಇರಬೇಕು.

ಕೋಲಿನ ಕಸುಬು ಸಣ್ಣದು. ಅದಿಲ್ಲದಿದ್ದರೆ ಲೋಕಕ್ಕೆ ಊನವೇನೂ ಆಗದು ಎನ್ನುವವರಿದ್ದಾರೆ. ಆದರೆ ನೇಯ್ಗೆಯಾಗಲಿ, ಎರಕವಾಗಲಿ, ವಾದ್ಯ ಮಾಡುವ ಕೆಲಸವಾಗಲಿ, ಕೈಯ ಕಸುಬುಗಳೆಲ್ಲ ಎದುರಿಸುವ ಪ್ರಶ್ನೆಗಳು ಈ ಸಣ್ಣ ಕಸುಬಿನಲ್ಲಿ ಬಿಡಿಬಿಡಿಯಾಗಿ ಕಾಣಸಿಗುತ್ತವೆ. ಹೆಸರು ಯಾರದು, ಕೆಲಸ ಯಾರದು, ಸಾಕ್ಷಿ ಯಾರು, ಮುಂದೆ ಕಲಿಯುವವರು ಯಾರು? ಇವಕ್ಕೆ ನೇರವಾಗಿ ಉತ್ತರ ಹೇಳಬಲ್ಲ ಕೂಟ ಎಷ್ಟೇ ಚಿಕ್ಕದಿರಲಿ, ಬಾಳುತ್ತದೆ. ಹೇಳಲಾರದ್ದು ಎಷ್ಟೇ ಆಯ್ದವರಿಂದ ಕೂಡಿರಲಿ, ಸದಸ್ಯರ ಪಟ್ಟಿಯಾಗಿ ಮಾತ್ರ ಉಳಿಯುತ್ತದೆ.